ನಿವೃತ್ತಿಯ ಓಡಾಟಕ್ಕೆ ಯಾವ ಮೋಟರ್‌ಹೋಮ್? ಕೊಡಗಿನ ತೋಟದ ಮನೆಯಿಂದ ಹೊರಡುವವರಿಗೆ ಒಂದು ಹೋಲಿಕೆ

ಕೊಡಗಿನಲ್ಲಿ ಸೇನೆಯಿಂದಲೋ ಬ್ಯಾಂಕಿನಿಂದಲೋ ಶಾಲೆಯಿಂದಲೋ ನಿವೃತ್ತರಾದವರಿಗೂ ಪೂರ್ತಿ ಬಿಡುವು ಸಿಗುವುದಿಲ್ಲ. ಹಿಂದೆ ತೋಟ ಇರುತ್ತದೆ. ನವೆಂಬರ್ ಕೊನೆಗೆ ಅರೇಬಿಕಾ ಕುಯ್ಲು ಶುರು. ಜನವರಿಯಿಂದ ರೋಬಸ್ಟಾ, ಅದರ ಹಿಂದೆಯೇ ಕರಿಮೆಣಸು, ನಡುವೆ ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್. ಏಪ್ರಿಲ್ ಮುಗಿಯುವ ತನಕ ಊರು ಬಿಡುವ ಮಾತೇ ಇಲ್ಲ. ಗಂಡ ಹೆಂಡತಿ ಇಬ್ಬರೇ ಮೋಟರ್‌ಹೋಮ್, ಅಂದರೆ ಒಳಗೇ ಮಲಗಿ ಅಡುಗೆ ಮಾಡಿಕೊಳ್ಳುವ ಗಾಡಿ, ಹತ್ತಿ ದೇಶ ನೋಡಿಕೊಂಡು ಬರೋಣ ಅಂದುಕೊಂಡರೆ ಸಿಗುವುದು ಎರಡೇ ಕಾಲ. ಮೇ ತಿಂಗಳಿಂದ ಮಳೆಗಾಲ ಮುಗಿಯುವವರೆಗೆ ಒಂದು, ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಸುಗ್ಗಿಯ ಹುತ್ತರಿ ಹಬ್ಬ ಬರುವವರೆಗೆ ಇನ್ನೊಂದು.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಮೇನಲ್ಲಿ ಉತ್ತರಕ್ಕೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಹೈದರಾಬಾದ್, ನಾಗ್ಪುರ ದಾಟುವಾಗ 45 ಡಿಗ್ರಿಯ ಬಿಸಿಲು ಸಿಗಬಹುದು. ಅಲ್ಲಿಂದ ಮನಾಲಿ ಮುಟ್ಟಿ ಅಟಲ್ ಸುರಂಗ ದಾಟಿದರೆ 3000 ಮೀಟರ್ ಎತ್ತರದ ಚಳಿ. ವಾಪಸ್ ಬಂದು ನಿಲ್ಲಿಸಿದರೆ ನಮ್ಮ ಮಳೆ. ಒಂದೇ ಗಾಡಿ ಈ ಮೂರನ್ನೂ ತಡೆದುಕೊಳ್ಳಬೇಕು. ಜೊತೆಗೆ ಅರವತ್ತು ದಾಟಿದ ಮಂಡಿ, ಸೊಂಟ ಅದರೊಳಗೆ ಓಡಾಡಬೇಕು. ಶೋರೂಮಿನಲ್ಲಿ ಸೋಫಾ, ಟಿವಿ, ಬಣ್ಣದ ಲೈಟು ನೋಡಿ ಮನಸ್ಸು ಸೋಲುವುದು ಸಹಜ. ಆದರೆ ನನ್ನ ಪ್ರಕಾರ ಆಯ್ಕೆಯನ್ನು ತೀರ್ಮಾನಿಸಬೇಕಾದ ಜಾಗಗಳು ಎರಡು: ಮುಖ್ಯರಸ್ತೆಯಿಂದ ಮನೆಗೆ ಬರುವ ಕೊನೆಯ ಒಂದು ಕಿಲೋಮೀಟರ್, ಮತ್ತು ರಾತ್ರಿ ಎರಡು ಗಂಟೆಗೆ ಎದ್ದಾಗ ಕಾಲಿಡುವ ನೆಲ.

ಮೊದಲು ನಿಮ್ಮ ಗೇಟನ್ನು ಅಳೆಯಿರಿ

ಟೇಪು ಹಿಡಿದು ಮನೆಯಿಂದ ಮುಖ್ಯರಸ್ತೆವರೆಗೆ ನಡೆಯಿರಿ. ಗೇಟಿನ ಅಗಲ ಎಷ್ಟು? ಮೋರಿಯ ಮೇಲೆ ಹಾಕಿದ ಸ್ಲ್ಯಾಬ್ ಎಷ್ಟು ಭಾರ ತಡೆಯುತ್ತದೆ? ಸಿಲ್ವರ್ ಓಕ್ ಕೊಂಬೆ, ಕರೆಂಟಿನ ತಂತಿ ಎಷ್ಟು ಎತ್ತರದಲ್ಲಿವೆ? ಕಾಫಿ ಲಾರಿ ಬರುವ ದಾರಿ ಆದರೆ ಅರ್ಧ ಚಿಂತೆ ಕಳೆಯಿತು. ಪಿಕಪ್ ಮಾತ್ರ ಬರುವ ದಾರಿ ಆದರೆ ಅಲ್ಲಿಗೇ ಆಯ್ಕೆ ಚಿಕ್ಕದಾಯಿತು. ಮೋಟರ್‌ಹೋಮಿನ ಎತ್ತರ ಸಾಮಾನ್ಯವಾಗಿ ಎರಡೂವರೆ ಮೀಟರ್ ದಾಟುತ್ತದೆ. ಮೇಲೆ ಎಸಿ, ಸೋಲಾರ್ ಪ್ಯಾನಲ್ ಕೂತರೆ 3 ಮೀಟರಿನ ಹತ್ತಿರ. ನಮ್ಮ ಹೆಚ್ಚಿನ ಕಾರ್‌ಶೆಡ್ಡುಗಳು ಅಷ್ಟು ಎತ್ತರ ಇರುವುದಿಲ್ಲ.

ಕುಶಾಲನಗರದಲ್ಲಿ ಸೈಟು ತೆಗೆದು ಮನೆ ಕಟ್ಟಿದವರಿಗೂ ನಾಪೋಕ್ಲು, ಭಾಗಮಂಡಲ ಕಡೆಯ ತೋಟದ ಮನೆಯವರಿಗೂ ಇಲ್ಲಿ ಉತ್ತರ ಬೇರೆ ಬೇರೆ. ಕುಶಾಲನಗರ ಸಮತಟ್ಟು, ಮಳೆ ಕಡಿಮೆ, ಹೆದ್ದಾರಿ ಬಾಗಿಲಲ್ಲೇ ಇದೆ. ಅಲ್ಲಿ 7 ಮೀಟರಿನ ಗಾಡಿಯೂ ನಡೆಯುತ್ತದೆ. ಭಾಗಮಂಡಲದ ಕಡೆ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕಡಿದಾದ ಮಣ್ಣಿನ ಏರು, ಅದರ ಮೇಲೆ ಪಾಚಿ. ಅಲ್ಲಿ ಉದ್ದದ ಗಾಡಿ ಜುಲೈನಲ್ಲಿ ಗೇಟಿನ ಹೊರಗೇ ಉಳಿಯುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಆಮೇಲಿನ ಮಳೆಗಾಲಗಳಲ್ಲಿ ಭಾರದ ವಾಹನಗಳಿಗೆ ಜಿಲ್ಲಾಡಳಿತ ನಿರ್ಬಂಧ ಹಾಕುವುದು ಮಾಮೂಲಿಯಾಗಿದೆ. ಗಾಡಿ ಎಷ್ಟು ದೊಡ್ಡದೋ ಅಷ್ಟು ಬೇಗ ಈ ಆದೇಶಗಳು ನಿಮಗೆ ತಾಗುತ್ತವೆ.

ಇನ್ನೊಂದು ವಿಷಯವೂ ಇದೆ. ಸಿದ್ದಾಪುರ, ತಿತಿಮತಿ ಕಡೆ ಬೆಳಗಿನ ಜಾವ ತಿರುವಿನಲ್ಲಿ ಆನೆ ನಿಂತಿದ್ದರೆ ಕಾರನ್ನು ರಿವರ್ಸ್ ತೆಗೆಯಬಹುದು. 7 ಮೀಟರ್ ಗಾಡಿಯನ್ನು ಕತ್ತಲಲ್ಲಿ ತಿರುವಿನ ಹಿಂದಕ್ಕೆ ತೆಗೆಯುವುದು ಬೇರೆಯದೇ ಕೆಲಸ. ದೊಡ್ಡ ಗಾಡಿ ಕೊಂಡವರು ಬೆಳಕು ಹರಿದ ಮೇಲೇ ತೋಟದಿಂದ ಹೊರಡುವ ಅಭ್ಯಾಸ ಮಾಡಿಕೊಳ್ಳಬೇಕು.

ಗಾಡಿಗಳು ಎದುರುಬದುರು

ಫೋರ್ಸ್ ಟ್ರಾವೆಲರ್ ಮೇಲೆ ಕಟ್ಟಿದ ಮೋಟರ್‌ಹೋಮ್ ನಮ್ಮ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಬಗೆ. ಎಂಜಿನ್ 2.6 ಲೀಟರ್ ಡೀಸೆಲ್, ಎಳೆಯುವುದು ಹಿಂದಿನ ಚಕ್ರ. ಒಳಗೆ ತಲೆಯೆತ್ತಿ ನಿಲ್ಲಬಹುದು. ಇದರ ದೊಡ್ಡ ಬಲ ರಿಪೇರಿ. ಊರೂರಲ್ಲಿ ಆಂಬುಲೆನ್ಸ್ ಆಗಿ, ಸ್ಕೂಲ್ ವ್ಯಾನ್ ಆಗಿ ಓಡುವ ಗಾಡಿ ಇದೇ. ಹಾಗಾಗಿ ಬಳ್ಳಾರಿಯಲ್ಲಿ ಕೆಟ್ಟರೂ ಬಿಕಾನೇರಿನಲ್ಲಿ ಕೆಟ್ಟರೂ ಕೈಹಾಕಿ ಗೊತ್ತಿರುವ ಮೆಕ್ಯಾನಿಕ್ ಸಿಗುತ್ತಾನೆ. ಅರವತ್ತೈದರ ದಂಪತಿಗೆ ಇದು ಸಣ್ಣ ಮಾತಲ್ಲ. ಕೊರತೆಯೂ ಇದೆ. ಸವಾರಿ ಗಡುಸು, ಎಂಜಿನ್ ಸದ್ದು ಕ್ಯಾಬಿನ್ ಒಳಗೆ ಜಾಸ್ತಿ. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 3350 ಮಿಲಿಮೀಟರಿನದೂ ಇದೆ, 4020ರದೂ ಇದೆ. ತೋಟದ ಮನೆಯವರು 3350 ಬಿಟ್ಟು ಆಚೆ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಆ 67 ಸೆಂಟಿಮೀಟರ್ ಒಳಗೆ ಒಂದು ಕಪಾಟು ಕೊಡುತ್ತದೆ. ಹೊರಗೆ ಆಗುಂಬೆಯ 14 ತಿರುವುಗಳಲ್ಲಿ, ಮಾಕುಟ್ಟದ ಘಾಟಿಯಲ್ಲಿ, ನಿಮ್ಮದೇ ಗೇಟಿನಲ್ಲಿ ಅದರ ಬೆಲೆ ವಸೂಲಿ ಮಾಡುತ್ತದೆ.

ಫೋರ್ಸ್ ಅರ್ಬೇನಿಯಾ ಓಡಿಸಲು ಕಾರಿನ ಹತ್ತಿರ ಬರುತ್ತದೆ. ಬಾಡಿಯೇ ಚಾಸಿ ಆಗಿರುವ ಮೊನೊಕಾಕ್ ಕಟ್ಟಡ, ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಗಾಡಿ ಜಾರದಂತೆ ಹಿಡಿಯುವ ಇಎಸ್‌ಪಿ. ದಿನಕ್ಕೆ 400 ಕಿಲೋಮೀಟರ್ ಓಡಿಸಿ ಇಳಿದಾಗ ಸೊಂಟಕ್ಕೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಇಬ್ಬರೂ ಸರದಿಯಲ್ಲಿ ಓಡಿಸುವವರಾದರೆ, ಮನೆ ಹೆದ್ದಾರಿ ಪಕ್ಕ ಇದ್ದರೆ, ದುಡ್ಡಿಗೆ ತೊಂದರೆ ಇಲ್ಲದಿದ್ದರೆ ಇದೇ ಒಳ್ಳೆಯದು. ಉದ್ದದ ಮಾದರಿ 7 ಮೀಟರ್ ಇದೆ ಅನ್ನುವುದು ಮಾತ್ರ ತಲೆಯಲ್ಲಿರಲಿ. ಇದರಲ್ಲೂ ಗಿಡ್ಡ ಮಾದರಿ ಸಿಗುತ್ತದೆ.

ಟಾಟಾ ವಿಂಗರ್ 2.2 ಲೀಟರ್ ಡೀಸೆಲ್. ಇದನ್ನು ಎಳೆಯುವುದು ಮುಂದಿನ ಚಕ್ರ. ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇಲ್ಲದ್ದರಿಂದ ನೆಲ ತಗ್ಗು. ಮಂಡಿ ನೋವಿನವರಿಗೆ ಹತ್ತಿ ಇಳಿಯಲು ಸುಲಭ. ಇದೊಂದೇ ಕಾರಣಕ್ಕೆ ಅನೇಕರಿಗೆ ಇದು ಸರಿಹೊಂದುತ್ತದೆ. ಆದರೆ ನೀರಿನ ಟ್ಯಾಂಕು, ಬ್ಯಾಟರಿ, ಮಂಚ ಎಲ್ಲ ಹಿಂದೆ ಕೂತಾಗ ಮುಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗುತ್ತದೆ. ಆಗ ಒದ್ದೆ ಮಣ್ಣಿನ ಏರಿನಲ್ಲಿ ಮುಂದಿನ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಮೇಲೇರುವುದಿಲ್ಲ. ಮನೆವರೆಗೆ ಕಾಂಕ್ರೀಟ್ ರಸ್ತೆ ಇದ್ದವರು ಧೈರ್ಯವಾಗಿ ನೋಡಬಹುದು. ಉಳಿದವರು ಬೇಡ.

ಮಾರುತಿ ಈಕೋ ಹೆಸರು ಈ ಸಾಲಿನಲ್ಲಿ ನೋಡಿ ಕೆಲವರಿಗೆ ಆಶ್ಚರ್ಯ ಆಗಬಹುದು. 1.2 ಲೀಟರ್ ಪೆಟ್ರೋಲ್, ಉದ್ದ 3.7 ಮೀಟರಿಗಿಂತ ಕಡಿಮೆ. ಒಳಗೆ ನಿಲ್ಲಲು ಆಗುವುದಿಲ್ಲ. ಹೆಚ್ಚಿನ ರಾತ್ರಿ ಲಾಡ್ಜಿನಲ್ಲೋ ಹೋಮ್‌ಸ್ಟೇಯಲ್ಲೋ ನೆಂಟರ ಮನೆಯಲ್ಲೋ ಕಳೆದು, ಹಗಲು ಕಾಫಿ ಮಾಡಿಕೊಳ್ಳಲು, ಮಧ್ಯಾಹ್ನ ಒಂದು ಗಂಟೆ ಕಾಲು ಚಾಚಲು, ಅಪರೂಪಕ್ಕೆ ಒಂದು ರಾತ್ರಿ ಮಲಗಲು ಇದು ಸಾಕು. ಊರಿನ ಯಾವ ಗಲ್ಲಿಗೂ ನುಗ್ಗುತ್ತದೆ. ಉಳಿದ ದಿನ ಗೋಣಿಕೊಪ್ಪದ ಸಂತೆಗೂ ಹೋಗಿಬರುತ್ತದೆ. ದೇವಸ್ಥಾನ, ನೆಂಟರ ಮನೆ, ಮಕ್ಕಳ ಮನೆ ಅಂತ ದಕ್ಷಿಣದಲ್ಲೇ ಓಡಾಡುವ ದಂಪತಿ ದೊಡ್ಡ ಗಾಡಿಗೆ ಸಾಲ ಮಾಡಬೇಕಾಗಿಲ್ಲ.

ಪಿಕಪ್ ಮೇಲಿನ ಟೆಂಟ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್‌ನಂಥ ಫೋರ್ ವೀಲ್ ಡ್ರೈವ್ ಗಾಡಿಗೆ ನಮ್ಮ ಕಡೆ ಪ್ರೀತಿ ಇದ್ದೇ ಇದೆ. ತೋಟಕ್ಕೂ ಆಗುತ್ತದೆ. ಆದರೆ ರೂಫ್‌ಟಾಪ್ ಟೆಂಟಿಗೆ ಏಣಿ ಹತ್ತಬೇಕು, ರಾತ್ರಿ ಮೂತ್ರಕ್ಕೆ ಅದೇ ಏಣಿ ಇಳಿಯಬೇಕು. ಐವತ್ತರಲ್ಲೇ ನಿವೃತ್ತಿ ಪಡೆದವರಿಗೆ ಸರಿ, ಎಪ್ಪತ್ತರವರೆಗೆ ನಂಬುವ ವ್ಯವಸ್ಥೆ ಅಲ್ಲ. ಎಳೆದುಕೊಂಡು ಹೋಗುವ ಕ್ಯಾರವಾನ್ ಟ್ರೈಲರ್ ನಮ್ಮ ಘಾಟಿ ರಸ್ತೆಗಳಿಗೆ ಹೇಳಿ ಮಾಡಿಸಿದ್ದಲ್ಲ. ರಿವರ್ಸ್ ತೆಗೆಯುವುದೇ ಒಂದು ವಿದ್ಯೆ. ಬಸ್ ಚಾಸಿಯ ಮೇಲಿನ ಮನೆಯಂಥ ಗಾಡಿ ಡ್ರೈವರ್ ಇಟ್ಟುಕೊಳ್ಳುವವರಿಗೆ ಇರಲಿ.

ಒಳಗೆ: ಮಂಚ, ಮೆಟ್ಟಿಲು, ಟಾಯ್ಲೆಟ್

ಎಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಇಲ್ಲಿ. ಈ ವ್ಯಾನುಗಳ ಹೊರ ಅಗಲ ಸುಮಾರು 2 ಮೀಟರ್. ಇನ್ಸುಲೇಷನ್, ಪ್ಯಾನಲ್ ಕಳೆದರೆ ಒಳಗೆ ಒಂದೂ ಮುಕ್ಕಾಲು ಮೀಟರಿನ ಆಸುಪಾಸು ಉಳಿಯುತ್ತದೆ. ಮಂಚವನ್ನು ಅಡ್ಡಡ್ಡ ಹಾಕಿದರೆ ಆರಡಿ ಆಳು ಕಾಲು ಮಡಚಿಕೊಂಡೇ ಮಲಗಬೇಕು. ಒಳಗಡೆ ಮಲಗಿದವರು ಏಳಬೇಕಾದರೆ ಹೊರಗಡೆ ಮಲಗಿದವರನ್ನು ದಾಟಬೇಕು. ಅದರ ಬದಲು ಉದ್ದುದ್ದಕ್ಕೆ ಎರಡು ಮಂಚ, ನಡುವೆ ನಡೆಯುವ ಜಾಗ ಕೇಳಿ. ಎತ್ತರ ಊಟದ ಕುರ್ಚಿಯಷ್ಟಿರಲಿ, ಅಂದರೆ 45 ಸೆಂಟಿಮೀಟರ್ ಸುತ್ತಮುತ್ತ. ಅಡಿಯಲ್ಲಿ ಸಾಮಾನಿಡಲು ಜಾಗ ಸಿಗಲಿ ಅಂತ ಮಂಚವನ್ನು ಎದೆಮಟ್ಟಕ್ಕೆ ಏರಿಸುವ ವಿನ್ಯಾಸಗಳು ಯುವಕರಿಗೆ ಮಾಡಿದ್ದು. ಸೋಫಾವನ್ನು ದಿನಾ ರಾತ್ರಿ ಮಂಚ ಮಾಡಿ, ಬೆಳಿಗ್ಗೆ ಮತ್ತೆ ಸೋಫಾ ಮಾಡುವ ವ್ಯವಸ್ಥೆ ಎರಡನೇ ವಾರಕ್ಕೆ ಬೇಸರ ತರಿಸುತ್ತದೆ.

ಟಾಯ್ಲೆಟ್ ಬೇಕೇ ಬೇಕು. ನಮ್ಮಲ್ಲಿ ಪೆಟ್ರೋಲ್ ಬಂಕುಗಳಿವೆ, ಢಾಬಾಗಳಿವೆ, ಯಾಕೆ ಜಾಗ ವೇಸ್ಟ್ ಅನ್ನುವವರಿದ್ದಾರೆ. ಹಗಲಿಗೆ ಅದು ನಿಜ. ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು, ಸಕ್ಕರೆ ಕಾಯಿಲೆ ಇರುವವರು ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಗೊತ್ತಿಲ್ಲದ ಊರಿನಲ್ಲಿ ಕತ್ತಲಲ್ಲಿ ಕೆಳಗಿಳಿಯುವುದು ಬೇಡ. ಡಬ್ಬಿಯನ್ನು ಹೊರಗೆಳೆದು ಖಾಲಿ ಮಾಡುವ, ಸುಮಾರು 20 ಲೀಟರಿನ ಕ್ಯಾಸೆಟ್ ಟಾಯ್ಲೆಟ್ ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ. ಅದನ್ನು ಖಾಲಿ ಮಾಡಲು ವಿದೇಶದಲ್ಲಿ ಇರುವಂಥ ಪ್ರತ್ಯೇಕ ಜಾಗಗಳು ನಮ್ಮ ದಾರಿಯಲ್ಲಿ ಸಿಗುವುದಿಲ್ಲ. ಲಾಡ್ಜಿನ, ಬಂಕಿನ ಟಾಯ್ಲೆಟ್ಟಿಗೇ ಸುರಿಯಬೇಕು. ಹಾಗಾಗಿ ತುಂಬಿದಾಗ ನೀವೇ ಎತ್ತಿ ನಡೆಯಬಲ್ಲಿರಾ ಅಂತ ನೋಡಿ. ತುಂಬಿದ ಕ್ಯಾಸೆಟ್ಟೇ 20 ಕಿಲೋ ದಾಟುತ್ತದೆ. ಚಕ್ರ ಇರುವ ಕ್ಯಾಸೆಟ್ ಕೇಳಿ. ಟಾಯ್ಲೆಟ್ ಪಕ್ಕ, ಬಾಗಿಲ ಪಕ್ಕ ಗಟ್ಟಿ ಹಿಡಿಕೆ ಹಾಕಿಸಿ. ಅದನ್ನು ಪ್ಲೈವುಡ್ಡಿಗಲ್ಲ, ಬಾಡಿಯ ಲೋಹಕ್ಕೆ ಬೋಲ್ಟ್ ಮಾಡಿಸಿ.

ಅಡುಗೆಗೆ ಗ್ಯಾಸ್ ಇಡುವುದಾದರೆ 5 ಕಿಲೋ ಸಿಲಿಂಡರ್ ಸಾಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಹಾಗಾಗಿ ಸಿಲಿಂಡರ್ ಪೆಟ್ಟಿಗೆಗೆ ಕೆಳಗಡೆ ಹೊರಗೆ ತೆರೆಯುವ ಕಿಂಡಿ ಇರಲೇಬೇಕು. ಚಳಿಗೆ ಬಾಗಿಲು ಮುಚ್ಚಿ ಒಲೆ ಉರಿಸಿ ಮಲಗುವುದು ಪ್ರಾಣಕ್ಕೆ ಅಪಾಯ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿಯೇ ಹೊರಡಿ.

ಎಸಿ ಮತ್ತು ಬ್ಯಾಟರಿಯ ಲೆಕ್ಕ

ವರ್ಕ್‌ಶಾಪಿನವರು "ರಾತ್ರಿಯಿಡೀ ಬ್ಯಾಟರಿಯಲ್ಲೇ ಎಸಿ ಓಡುತ್ತದೆ ಸರ್" ಅಂದರೆ ಒಂದು ಕಾಗದ ತೆಗೆಯಿರಿ. ಇನ್ವರ್ಟರ್ ಎಸಿ ಸರಾಸರಿ 600 ವ್ಯಾಟ್ ಎಳೆದರೂ 8 ಗಂಟೆಗೆ 4.8 ಯೂನಿಟ್. 12 ವೋಲ್ಟಿನ 100 ಆಂಪ್ ಅವರ್ ಲಿಥಿಯಂ ಬ್ಯಾಟರಿಯಲ್ಲಿ ಇರುವುದು 1.28 ಯೂನಿಟ್. ಅಂದರೆ ಬರೀ ಎಸಿಗೇ ಅಂಥ ನಾಲ್ಕು ಬ್ಯಾಟರಿ ಬೇಕು. ಫ್ರಿಜ್, ಫ್ಯಾನ್, ಲೈಟು ಬೇರೆ. ಮನೆಯ ಯುಪಿಎಸ್‌ಗೆ ಹಾಕುವ ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುವ ಹಾಗಿಲ್ಲ, ಒಂದೊಂದೂ 50 ಕಿಲೋ ದಾಟುತ್ತದೆ. ಮೇಲಿನ 400 ವ್ಯಾಟ್ ಸೋಲಾರ್ ಒಳ್ಳೆ ಬಿಸಿಲಿನ ದಿನ ಒಂದೂವರೆ, ಎರಡು ಯೂನಿಟ್ ಕೊಟ್ಟರೆ ಹೆಚ್ಚು.

ಅದಕ್ಕೇ ನನ್ನ ಸಲಹೆ ಬೇರೆ. ಎರಡು ಲಿಥಿಯಂ ಬ್ಯಾಟರಿ ಹಾಕಿಸಿ ಫ್ರಿಜ್, ಫ್ಯಾನ್, ಲೈಟು, ಮೊಬೈಲ್ ಅದರಲ್ಲಿ ನಡೆಸಿ. ಎಸಿಯನ್ನು ಹೊರಗಿನ ಕರೆಂಟಿನಲ್ಲಿ ಓಡಿಸಿ. ಬಿಸಿಲ ನಾಡು ದಾಟುವ ಆ ಕೆಲವು ರಾತ್ರಿ ಲಾಡ್ಜಿನ ಅಂಗಳದಲ್ಲಿ ನಿಲ್ಲಿಸಿ, 16 ಆಂಪಿನ ಪ್ಲಗ್ ಕೇಳಿ, ಅದಕ್ಕೆ ದುಡ್ಡು ಕೊಡಿ. ಅರ್ತಿಂಗ್ ಇದೆಯಾ ಅಂತ ನೋಡುವ ಚಿಕ್ಕ ಟೆಸ್ಟರ್ ಜೊತೆಗಿರಲಿ. ಮಳೆಗಾಲದಲ್ಲಿ ಲಡಾಖ್, ಸ್ಪಿತಿ ಕಡೆ ಹೋಗುವವರು ಎಸಿಗೆ ಹಾಕುವ ದುಡ್ಡನ್ನು ಡೀಸೆಲ್ ಹೀಟರಿಗೂ ಗೋಡೆಯ ಇನ್ಸುಲೇಷನ್ನಿಗೂ ಹಂಚಬೇಕು. ಇನ್ಸುಲೇಷನ್ ಬಿಸಿಲಿಗೂ ಚಳಿಗೂ ಕೆಲಸ ಮಾಡುತ್ತದೆ, ಕರೆಂಟು ಕೇಳುವುದಿಲ್ಲ.

ಭಾರ, ಮತ್ತು ನಿಂತ ತಿಂಗಳುಗಳು

18 ಮಿಲಿಮೀಟರಿನ 8 ಅಡಿ 4 ಅಡಿ ಪ್ಲೈವುಡ್ ಹಾಳೆ ಒಂದಕ್ಕೆ 30 ಕಿಲೋಗೂ ಮೇಲೆ. ಹತ್ತು ಹಾಳೆ ಹೋದರೆ ಮುನ್ನೂರು ಕಿಲೋ. ನೀರು ನೂರು ಲೀಟರ್ ಅಂದರೆ ನೂರು ಕಿಲೋ. ಇದೆಲ್ಲ ಸೇರಿ ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ದಾಟಿದರೆ ಘಾಟಿ ಇಳಿಯುವಾಗ ಬ್ರೇಕು ಕಾಯುತ್ತದೆ, ಟೈರು ಸಿಡಿಯುತ್ತದೆ. ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ವೇಬ್ರಿಡ್ಜ್ ಇರುತ್ತದೆ. ನೀರು, ಡೀಸೆಲ್, ಬಟ್ಟೆಬರೆ ತುಂಬಿ ಅಲ್ಲಿ ತೂಗಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ. ಕಪಾಟುಗಳಿಗೆ ಅಲ್ಯೂಮಿನಿಯಂ ಫ್ರೇಮು, ಹಗುರ ಪ್ಯಾನಲ್ ಹಾಕುವ ವರ್ಕ್‌ಶಾಪಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಪ್ಲೈವುಡ್ ಕಡಿಮೆ ಮಾಡುವುದರಲ್ಲಿ ಕೊಡಗಿನವರಿಗೆ ಇನ್ನೊಂದು ಲಾಭವೂ ಇದೆ. ಕುಯ್ಲಿನ ತಿಂಗಳಲ್ಲಿ ಗಾಡಿ ನಿಂತೇ ಇರುತ್ತದೆ. ಒಂದು ವರ್ಷ ಹೊರಡಲು ಆಗದೇ ಹೋದರೆ ಮಳೆಗಾಲವನ್ನೂ ಇಲ್ಲೇ ಕಳೆಯುತ್ತದೆ. ಮನೆಯೊಳಗಿನ ಚರ್ಮದ ಬೆಲ್ಟಿಗೇ ಬೂಷ್ಟು ಹಿಡಿಯುವ ಊರು ನಮ್ಮದು. ಮುಚ್ಚಿಟ್ಟ ವ್ಯಾನಿನ ಹಾಸಿಗೆ, ಫೋಮು, ಅಗ್ಗದ ಪ್ಲೈವುಡ್ ಒಂದೇ ಮಳೆಗಾಲಕ್ಕೆ ಹಾಳಾಗುತ್ತವೆ. ಪ್ಲೈವುಡ್ ಹಾಕಲೇಬೇಕಾದರೆ ಐಎಸ್ 710 ಗುರುತಿನ ಮರೈನ್ ಪ್ಲೈ ಕೇಳಿ, ಹಾಳೆಯ ಮೇಲಿನ ಮುದ್ರೆ ಕಣ್ಣಾರೆ ನೋಡಿ. ಹಾಸಿಗೆ ದಿಂಬು ತೆಗೆದು ಮನೆಯೊಳಗಿಡಿ. ಫ್ರಿಜ್ ಬಾಗಿಲು ತೆರೆದಿಡಿ. ಮನೆಯ ಲೈನಿನಿಂದ ಗಾಳಿಯ ತೇವ ಹೀರುವ ಸಣ್ಣ ಡೀಹ್ಯೂಮಿಡಿಫೈಯರ್ ಓಡಿಸಿ. ಇಲಿ ವೈರಿಂಗ್ ಕಡಿಯದ ಹಾಗೆ ಕೆಳಗಿನ ಕಿಂಡಿಗಳಿಗೆ ಜಾಲರಿ ಹೊಡೆಸಿ. ಶೆಡ್ಡಿನ ಖರ್ಚನ್ನು ಗಾಡಿಯ ಬೆಲೆಗೆ ಸೇರಿಸಿಯೇ ಬಜೆಟ್ ಹಾಕಿ.

ಕಾಗದಪತ್ರ

ಹಳೇ ಟ್ರಾವೆಲರ್ ತೆಗೆದು ಕುಶಾಲನಗರದ ಬಡಗಿಯ ಹತ್ತಿರ ಮಂಚ ಹೊಡೆಸಿಕೊಂಡರೆ ಅಗ್ಗ ಅಲ್ವಾ ಅಂತ ಬಹಳ ಜನ ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ. ಮೋಟರ್‌ಹೋಮುಗಳಿಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡವೇ ಇದೆ. ಆ ಮಂಜೂರಾತಿ ಇರುವ ವರ್ಕ್‌ಶಾಪಿನಲ್ಲೇ ಮಾಡಿಸಿ. ಖಾಸಗಿ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೆ ವಾಹನದ ಪಟ್ಟಿಯಲ್ಲಿ ಬರುವುದಿಲ್ಲ, ಬಿಳಿ ಬೋರ್ಡ್ ಸಿಗುತ್ತದೆ. ಆರ್‌ಸಿಯಲ್ಲಿ ಹಾಗೇ ನಮೂದಾಗಬೇಕು, ಇನ್ಶೂರೆನ್ಸಿನಲ್ಲೂ ಅದೇ ಬರೆದಿರಬೇಕು. ಇವೆರಡೂ ಹೊಂದದಿದ್ದರೆ ಅಪಘಾತವಾದಾಗ ಕ್ಲೇಮ್ ಸಿಗುವುದು ಕಷ್ಟ. ಮಡಿಕೇರಿ ಆರ್‌ಟಿಒದಲ್ಲಿ ತೆರಿಗೆ ಎಷ್ಟಾಗುತ್ತದೆ ಅಂತ ಮುಂಗಡ ಕೊಡುವ ಮೊದಲೇ ಕೇಳಿ.

ಲೈಸೆನ್ಸಿನ ವಿಷಯ ಸರಳ. ಒಟ್ಟು ತೂಕ 7500 ಕಿಲೋ ಒಳಗಿನ ಗಾಡಿಗೆ ಕಾರಿನ ಎಲ್‌ಎಂವಿ ಲೈಸೆನ್ಸೇ ಸಾಕು. 55 ದಾಟಿದ ಮೇಲೆ ಅದನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ವೈದ್ಯರ ಸರ್ಟಿಫಿಕೇಟ್ ಬೇಕು. ಉದ್ದದ ಪ್ರಯಾಣದ ನಡುವೆ ಅವಧಿ ಮುಗಿಯದಂತೆ ನೋಡಿಕೊಳ್ಳಿ.

ದಾರಿಯ ನಿಯಮಗಳೂ ಆಯ್ಕೆಗೆ ಸಂಬಂಧಿಸಿದವೇ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ನಾಗರಹೊಳೆಯೊಳಗೆ ಹಾದು ಹೋಗುವ ಮೈಸೂರು–ಮಾನಂದವಾಡಿ ರಸ್ತೆ ಸಂಜೆ 6ಕ್ಕೇ ಮುಚ್ಚುತ್ತದೆ. ಊಟಿ, ಕೊಡೈಕೆನಾಲ್‌ಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು. ಹುಲಿ ಅಭಯಾರಣ್ಯದೊಳಗೆ ಗಾಡಿ ನಿಲ್ಲಿಸಿ ಮಲಗುವ ಆಸೆ ಇದ್ದರೆ ಬಿಟ್ಟುಬಿಡಿ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಯೋಜನೆ ತಂದಿತು, ವಾಗಮಣ್‌ನಲ್ಲಿ ಕ್ಯಾರವಾನ್ ಪಾರ್ಕ್ ಆಯಿತು. ಮೊದಲ ಓಡಾಟಕ್ಕೆ ನಮಗೆ ಹತ್ತಿರದ ಆ ದಿಕ್ಕು ಒಳ್ಳೆಯದು.

ಕೊಳ್ಳುವ ಮೊದಲು ಬಾಡಿಗೆ

ಬೆಂಗಳೂರಿನಲ್ಲಿ ಮೋಟರ್‌ಹೋಮ್ ಬಾಡಿಗೆಗೆ ಸಿಗುತ್ತದೆ. ಒಂದು ವಾರಕ್ಕೆ ತೆಗೆದುಕೊಳ್ಳಿ. ಮೊದಲ ರಾತ್ರಿ ಅದನ್ನು ನಿಮ್ಮ ಕಣಕ್ಕೇ ತಂದು ನಿಲ್ಲಿಸಿ ಅದರೊಳಗೇ ಮಲಗಿ. ಗೇಟು ದಾಟುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಹಂಪಿಗೋ ಗೋಕರ್ಣಕ್ಕೋ ಹೋಗಿ. ಇಬ್ಬರೂ ಓಡಿಸಿ, ಇಬ್ಬರೂ ಅಡುಗೆ ಮಾಡಿ, ಇಬ್ಬರೂ ಕ್ಯಾಸೆಟ್ ಖಾಲಿ ಮಾಡಿ. ಎಷ್ಟೋ ಮನೆಗಳಲ್ಲಿ ಗಾಡಿ ಆರಿಸುವವರು ಗಂಡಸರು, ಅದರೊಳಗೆ ಹೆಚ್ಚು ಕೆಲಸ ಮಾಡುವವರು ಹೆಂಗಸರು. ಅಡುಗೆ ಕಟ್ಟೆಯ ಎತ್ತರ, ಕಿಟಕಿಯ ಜಾಗ ಯಾರು ಹೆಚ್ಚು ನಿಲ್ಲುತ್ತಾರೋ ಅವರ ಅಳತೆಗೆ ಆಗಲಿ. ವರ್ಷಕ್ಕೆ ಒಂದೇ ಸಲ ಮೂರು ವಾರ ಹೋಗುವವರಾದರೆ ಪ್ರತಿ ವರ್ಷ ಬಾಡಿಗೆಗೇ ತೆಗೆದುಕೊಳ್ಳುವುದು ಅಗ್ಗ, ಮಳೆಗಾಲದ ತಲೆನೋವೂ ಇಲ್ಲ. ವರ್ಷದಲ್ಲಿ ಮೂರು ತಿಂಗಳಾದರೂ ಮನೆ ಬಿಟ್ಟಿರುತ್ತೇವೆ ಅನ್ನುವವರು ಮಾತ್ರ ಕೊಳ್ಳಲಿ. ಅಂಥವರು ತೋಟದ ಮನೆಯವರಾದರೆ ನನ್ನ ಆಯ್ಕೆ 3350ರ ಟ್ರಾವೆಲರ್, ಕುಶಾಲನಗರದವರಾದರೆ ಗಿಡ್ಡ ಅರ್ಬೇನಿಯಾ.

ಆರ್ಡರ್ ಕೊಡುವಾಗ ನಾಲ್ಕು ವಿಷಯ ಬರವಣಿಗೆಯಲ್ಲಿ ಪಡೆಯಿರಿ: ಎಲ್ಲ ಸಾಮಾನು ಕೂತ ಮೇಲಿನ ಖಾಲಿ ತೂಕ, ಎಐಎಸ್-124 ಮಂಜೂರಾತಿಯ ನಕಲು, ಬೆಲ್ಟ್ ಇರುವ ಸೀಟುಗಳ ಸಂಖ್ಯೆ, ವೈರಿಂಗಿನ ನಕ್ಷೆ. ಕೊನೆಯದನ್ನು ಕೊಡಲು ವರ್ಕ್‌ಶಾಪಿನವರು ಹಿಂದೇಟು ಹಾಕಬಹುದು. ಬಿಡಬೇಡಿ. ಜೈಸಲ್ಮೇರಿನಲ್ಲಿ ಲೈಟು ಹೋದಾಗ ಅಲ್ಲಿನ ಎಲೆಕ್ಟ್ರಿಷಿಯನ್ ಕೈಗೆ ಕೊಡಬೇಕಾದದ್ದು ಅದೇ ಹಾಳೆ.